ಅಪ್ಪನ ಐವತ್ತೊಂಬತ್ತು

ಅಪ್ಪ ಲೆಕ್ಕದ ಮೇಷ್ಟ್ರು. ಪ್ರತಿ ಹೊಸ ತರಗತಿಗೂ ಒಂದೇ ಗಾಳ ಹಾಕುತ್ತಿದ್ದರು. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಇವನ್ನೆಲ್ಲ ಗುಣಿಸಿ ಒಂದು ಕೂಡಿಸಿ ಅನ್ನುವರು. ಬರುವುದು ಮೂವತ್ತು ಸಾವಿರದ ಮೂವತ್ತೊಂದು. ಆ ಆರರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಹಾಗಾದರೆ ಇದು ಒಡೆಯದ ಸಂಖ್ಯೆ, ಅವಿಭಾಜ್ಯ ಎಂದು ಮಕ್ಕಳು ಕೂಗುವವರೆಗೆ ಕಾದು, ಬೋರ್ಡಿನ ಮೇಲೆ ಐವತ್ತೊಂಬತ್ತು ಎಂದು ಬರೆಯುವರು. ಐವತ್ತೊಂಬತ್ತು ಐನೂರ ಒಂಬತ್ತಲಿ ಅದೇ ಸಂಖ್ಯೆ. ತಪ್ಪು ಕಿವಿಗೆ ಬಿದ್ದರೆ ಸುಮ್ಮನಿರುವ ಜಾಯಮಾನವೇ ಅವರದಲ್ಲ.

ಅಂಥವರು ಈಗ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದರು. ಪಾರ್ಶ್ವವಾಯು ಬಲಗೈಯನ್ನೂ ನಾಲಿಗೆಯನ್ನೂ ಕಸಿದುಕೊಂಡಿತ್ತು. ಡಾಕ್ಟರು ದಿನಾ ಬಂದು, ಮಗುವನ್ನು ಕೇಳುವ ಹಾಗೆ, ಹೌದಾದರೆ ಕಣ್ಣು ಮಿಟುಕಿಸಿ ಅನ್ನುತ್ತಿದ್ದರು. ಅಪ್ಪ ಗೋಡೆ ನೋಡುತ್ತಿದ್ದರು. ತಿಳಿವಳಿಕೆಯೇ ಉಳಿಯದವರಿಗೆ ಮಾತು ಕಲಿಸುವ ವಾರ್ಡಿನಲ್ಲಿ ಜಾಗ ಕೊಡಲಾಗದು, ನಾಳೆ ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಸಂಜೆ ಅಪ್ಪನ ಎಡಗೈ ಹಿಡಿದುಕೊಂಡು ಬೇಕೆಂದೇ ಹೇಳಿದೆ.

“ಅಪ್ಪಾ, ಮೂವತ್ತು ಸಾವಿರದ ಮೂವತ್ತೊಂದು ಅವಿಭಾಜ್ಯ. ಯಾರು ಕೇಳಿದ್ರೂ ಹಾಗೇ ಹೇಳ್ತೀನಿ.”

ಆಮೇಲೆ ನನ್ನ ಅಂಗೈ ಮೇಲೆ ಅವರ ಬೆರಳು ಆಡಿತು. ಐದು. ಒಂಬತ್ತು. ನಾನು ಅತ್ತುಬಿಟ್ಟೆ.

ಬೆಳಿಗ್ಗೆ ಡಾಕ್ಟರು ಎಲ್ಲ ಕೇಳಿ ತಲೆಯಾಡಿಸಿದರು. ವರ್ಷಗಟ್ಟಲೆ ಹೇಳಿದ್ದು, ಬುದ್ಧಿ ಹೋದ ಮೇಲೂ ಬಾಯಿಪಾಠದ ಹಾಗೆ ಉಳಿದಿರುತ್ತದಂತೆ. ಹೊಸದೊಂದು ಸಂಖ್ಯೆ ಬೇಕು ಎಂದು, ಅಪ್ಪನ ಮಣಿಕಟ್ಟಿನ ಪಟ್ಟಿಯ ಮೇಲಿದ್ದ ನಂಬರನ್ನು ತಾವೇ ಓದಿದರು. ಮೂರು ಸಾವಿರದ ಐನೂರ ತೊಂಬತ್ತೊಂಬತ್ತು. ಇದು ಒಡೆಯುತ್ತದೆಯೇ ಎಂದು ಕೇಳಿದರು.

ಅಪ್ಪ ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಅಂದುಕೊಳ್ಳುವಷ್ಟರಲ್ಲಿ ನನ್ನ ಅಂಗೈ ಮೇಲೆ ಬೆರಳು ಆಡಿತು. ಐದು. ಒಂಬತ್ತು.

“ನೋಡಿದ್ರಾ, ನಿನ್ನೇದನ್ನೇ ಬರೀತಿದಾರೆ,” ಎಂದರು ಡಾಕ್ಟರು. ಮೆತ್ತಗೇ ಹೇಳಿದರು, ಪಾಪ.

ನನಗೂ ಹಾಗೇ ಅನ್ನಿಸಿತು. ಸಾಕಪ್ಪಾ, ಮನೆಗೆ ಹೋಗೋಣ ಎಂದು ಕೈ ಬಿಡಿಸಿಕೊಳ್ಳಹೋದೆ. ಅಪ್ಪ ಬಿಡಲಿಲ್ಲ. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ. ಉಗುರು ಒತ್ತುವ ಹಾಗೆ ಗೀಚಿದರು. ಆರು. ಒಂದು.

ಅರವತ್ತು ಅರವತ್ತಲಿ ಮೂರು ಸಾವಿರದ ಆರುನೂರು. ಅದಕ್ಕೊಂದು ಕಮ್ಮಿಯಿದ್ದರೆ, ಅರವತ್ತರ ಹಿಂದಿನದನ್ನೂ ಮುಂದಿನದನ್ನೂ ಗುಣಿಸಿದಷ್ಟು. ಇದನ್ನು ನನಗೆ ಕಲಿಸಿದ್ದು ಅಪ್ಪನೇ. ಮರೆತವಳು ನಾನು.

ಡಾಕ್ಟರು ಫೋನಿನಲ್ಲಿ ಐವತ್ತೊಂಬತ್ತನ್ನು ಅರವತ್ತೊಂದರಿಂದ ಗುಣಿಸಿದರು. ಇನ್ನೊಮ್ಮೆ ಗುಣಿಸಿದರು. ಆಮೇಲೆ ನರ್ಸನ್ನು ಕರೆದು ಮಾತು ಕಲಿಸುವ ವಾರ್ಡಿನಲ್ಲಿ ಮಂಚ ಸಿದ್ಧಮಾಡಲು ಹೇಳಿದರು.

ಅಪ್ಪ ಈಗ ಗೋಡೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

“ತಪ್ಪಾಯ್ತಪ್ಪಾ,” ಎಂದೆ.

ಅವರು ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.