ಗೇಟಿನ ತನಕದ ಹೊಳಪು

ಮೂರು ಡಬ್ಬಿಗಳ ಮೇಲೂ ಅದೇ ಕೆಂಪು ಕಾರು, ಅದರ ಬಾನೆಟ್ಟಿನಲ್ಲಿ ಅದೇ ಬಿಳಿ ಮೋಡ, ಒಂದರಲ್ಲಿ ಗಟ್ಟಿ ವ್ಯಾಕ್ಸು, ಒಂದರಲ್ಲಿ ನೀರಾಗಿರುವುದು, ಮತ್ತೊಂದರಲ್ಲಿ ಚಿಮುಕಿಸಿ ಒರೆಸುವುದು, ಅವನ ಕಾರಿನಲ್ಲಿ ಮೋಡ ಕಂಡು ಯಾವ ಕಾಲವಾಯಿತೋ, ಬೇಕರಿಯ ಹಿಂಬದಿ ಹೊಗೆಕೊಳವೆಯ ಕೆಳಗೆ ನಿಂತೂ ನಿಂತೂ ಬೂದು ಬಣ್ಣದ ಮೇಲೆ ಇನ್ನೊಂದು ಪದರ ಬೂದಿ — ಯಜಮಾನ್ರೇ, ಹೊಳಪು ಎಷ್ಟ್ ದಿನ ಇರ್ಬೇಕು, ಅದನ್ನ ಹೇಳಿ ಮೊದ್ಲು, ಅಂಗಡಿಯವನು ಕೇಳುತ್ತಿದ್ದಾನೆ, ಗಟ್ಟೀದು ತಿಂಗಳುಗಟ್ಲೆ ಇರುತ್ತೆ, ಆದ್ರೆ ತಿಕ್ಕಿ ತಿಕ್ಕಿ ತೋಳು ಬಿದ್ದೋಗುತ್ತೆ, ಚಿಮುಕಿಸೋದು ಸಲೀಸು, ಎರಡು ಮಳೆ ಬಂದ್ರೆ ಟಾಟಾ — ಟಾಟಾ ಎಂದೊಡನೆ ಕಾರಿನ ಕನ್ನಡಿ, ಕನ್ನಡಿಯೊಳಗೆ ಗೇಟು, ಗೇಟಿನ ಸರಳುಗಳ ನಡುವೆ ಒಂದು ಪುಟ್ಟ ಅಂಗೈ, ಬೇಡ, ಈಗ ಅದೆಲ್ಲ ಬೇಡ, ಇವತ್ತು ಸಾಯಂಕಾಲದ ತನಕ ಇದ್ರೆ ಸಾಕು ಎಂದ ಅವನು, ಸಾಯಂಕಾಲ ಮಾರಿಬಿಡ್ತೀರಾ ಹಂಗಾರೆ, ಇಲ್ಲಪ್ಪಾ, ಮಗಳನ್ನ ಹಾಸ್ಟೆಲಿಗೆ ಬಿಡ್ಬೇಕು, ಓಹೋ ಹಾಗಿದ್ರೆ ಗಟ್ಟೀದೇ ತಗೊಳ್ಳಿ, ಮಗಳ ವಿಷ್ಯದಲ್ಲಿ ಚೌಕಾಸಿ ಯಾಕೆ, ಎಂದು ಅಂಗಡಿಯವನೇ ನಗುತ್ತಾ ಡಬ್ಬಿಯನ್ನು ಕೈಗಿಟ್ಟ. ಬಟ್ಟೆ ಒಗೆಯುವ ಪುಡಿ ಹಾಕಿ ತೊಳೆದೀರಿ ಮತ್ತೆ, ಪಾತ್ರೆ ತಿಕ್ಕೋ ಸೋಪೂ ಬೇಡ, ಇಗೋ ಶಾಂಪೂ, ಮನುಷ್ಯರದ್ದಲ್ಲ ಕಾರಿನದ್ದು, ಅದಾದ ಮೇಲೆ ಈ ಕ್ಲೇ, ನಾದಿದ ಹಿಟ್ಟಿನ ಥರ ಇದೆ ನೋಡಿ, ನೊರೆ ನೀರು ಹೊಡ್ಕೊಂಡು ಮೆತ್ತಗೆ ಉಜ್ಜಿದ್ರೆ ತೊಳೆದ್ರೂ ಹೋಗದ ಕಸ ಎಲ್ಲಾ ಕಚ್ಕೊಂಡು ಬರುತ್ತೆ, ಒಂದೇ ಮಾತು, ನೆಲಕ್ಕೆ ಬಿತ್ತೋ ಬಿಸಾಕಿ, ಜೀವ ಹೋದ್ರೂ ಎತ್ಕೋಬೇಡಿ. ಹಿಟ್ಟಿನ ಸುದ್ದಿಯನ್ನು ಇವನು ನನಗೆ ಹೇಳುತ್ತಾನಲ್ಲ ಎಂದು ಒಳಗೇ ನಗು ಬಂತು, ಇಡೀ ರಾತ್ರಿ ಬ್ರೆಡ್ಡಿನ ಹಿಟ್ಟು ನಾದಿ ನೇರ ಇಲ್ಲಿಗೇ ಬಂದವನು ಅವನು, ಕಣ್ಣಿನೊಳಗೆ ಮರಳು, ರೆಪ್ಪೆಯ ಮೇಲೆ ಇನ್ನೂ ಮೈದಾ.

ತೊಳೆದದ್ದಾಯಿತು, ಬಾಡಿಗೆ ಕೋಣೆಯ ಹಿತ್ತಲಲ್ಲಿ ನೀರು ಕಪ್ಪಾಗಿ ಹರಿದು ಚರಂಡಿ ಸೇರಿತು, ಒಂದು ಬಕೆಟ್ಟಿನಲ್ಲಿ ಶಾಂಪೂ ಒಂದರಲ್ಲಿ ಬರೀ ನೀರು, ಕಾರು ಫಳಫಳ ಅನ್ನದಿದ್ದರೂ ಮುಖ ತೊಳೆದ ಮನುಷ್ಯನಂತಾಗಿದೆ, ಆದರೆ ಅಂಗಡಿಯವನು ಹೇಳಿದ್ದ, ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಸವರಿ ನೋಡಿ, ಬರಿಗೈಗೆ ಗೊತ್ತಾಗ್ದೇ ಇದ್ದದ್ದು ಆಗ ಗೊತ್ತಾಗುತ್ತೆ, ತನ್ನ ಬರಿಗೈಗೆ ಏನು ತಾನೇ ಗೊತ್ತಾಗುತ್ತದೆ, ಬಿಸಿ ತಟ್ಟೆ ಹಿಡಿದೂ ಹಿಡಿದೂ ಅಂಗೈ ಬೂಟಿನ ಅಟ್ಟೆಯಾಗಿದೆ, ಆದರೂ ಬ್ರೆಡ್ಡಿನ ಕವರಿನೊಳಗೆ ಕೈ ತೂರಿಸಿ ಬಾನೆಟ್ಟು ಸವರಿದ, ಅಯ್ಯೋ, ಇದೇನಿದು, ತೊಳೆದ ಮೇಲೂ ಇಷ್ಟೊಂದು ತರಿತರಿ, ರವೆ ಹರಡಿಟ್ಟ ಹಾಗೆ, ಕಣ್ಣಿಗೆ ಕಾಣದ್ದು — ಬನ್ನುವಿಗೆ ಇದೆಲ್ಲ ಕಾಣಿಸುತ್ತಿತ್ತೇನೋ, ಬನ್ನು ಎಂದರೆ ಮಗಳೇ, ಹುಟ್ಟಿದಾಗ ಅವಳ ಕೆನ್ನೆ ಆಗತಾನೇ ಒಲೆಯಿಂದ ತೆಗೆದ ಬನ್ನಿನ ಹಾಗಿತ್ತು, ಈಗ, ಜನರ ಮುಂದೆ ಹಂಗೆಲ್ಲ ಕರೀಬೇಡಪ್ಪಾ, ಎನ್ನುತ್ತಾಳೆ, ಅವನು ಆ ಮನೆ ಬಿಟ್ಟ ಮೇಲೆ ಅವಳಿರುವುದು ಅಮ್ಮನ ಜೊತೆ, ಅಪ್ಪನ ಪಾಲಿಗೆ ಭಾನುವಾರದ ಒಂದಿಷ್ಟು ಗಂಟೆ, ಮತ್ತೆ ಎಂದಾದರೊಮ್ಮೆ ಕಾಲೇಜಿನವರೆಗೆ ಒಂದು ಡ್ರಾಪು, ಕಾಲೇಜಿನವರೆಗೆ ಎಲ್ಲಿ ಬಂತು, ಒಂದು ಬೀದಿ ಇರುವಾಗಲೇ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ, ಇಲ್ಲೇ ನಿಲ್ಸಪ್ಪಾ, ಮನೆಗೆ ಬಿಡುವಾಗಲೂ ಅಷ್ಟೇ, ಗೇಟಿಗೆ ಬೇಡ, ಮೂಲೆಯಲ್ಲೇ ನಿಲ್ಸು, ಅಂಗೈ ಊರಿದ್ದೇ ಊರಿದ್ದು, ಅವಳೇ ಬ್ರೇಕು ಒತ್ತಿದ ಹಾಗೆ, ಅವನೂ ಮೊದಮೊದಲು ತಮಾಷೆ ಮಾಡಿದ, ಗೇಟಿಗೆ ಬಂದ್ರೆ ಗೇಟೇನು ಕಚ್ಚುತ್ತಾ, ಅವಳು ನಗಲಿಲ್ಲ, ಬಾಗಿಲು ಹಾಕಿದವಳು ತಿರುಗಿ ನೋಡದೆ ನಡೆದುಬಿಟ್ಟಳು, ಆಗ ಹೊಳೆಯಿತು ಅವನಿಗೆ, ಕಾರು, ಈ ಗುಜರಿ ಕಾರು, ಸ್ನೇಹಿತೆಯರ ಕಣ್ಣಿಗೆ ಬೀಳಬಾರದು, ಅಷ್ಟೇ ತಾನೇ, ವಯಸ್ಸು ಹಾಗಿದೆ, ತಪ್ಪಲ್ಲ, ಇವತ್ತೊಂದು ದಿನ ಗೇಟಿನ ಮುಂದೆ ನಿಲ್ಲಿಸಿ, ಇಳಿದು, ಅವಳ ಪೆಟ್ಟಿಗೆಯನ್ನು ತಾನೇ ಎತ್ತಿ ಡಿಕ್ಕಿಯಲ್ಲಿಡಬೇಕು, ಹಾಸ್ಟೆಲಿನ ಗೇಟಿನ ಮುಂದೂ ಹಾಗೇ ಇಳಿಸಬೇಕು, ಇದಕ್ಕಿಂತ ಹೆಚ್ಚು ಕೇಳಿದವನೇ ಅಲ್ಲ ಅವನು, ಇನ್ನು ಮೇಲೆ ಅವಳು ಬೇರೆ ಊರಿನಲ್ಲಿ, ಭಾನುವಾರಗಳೂ ಇಲ್ಲ.

ಕ್ಲೇ ಮುದ್ದೆ ಅಂಗೈಯಲ್ಲಿ ಬೆಚ್ಚಗಾಯಿತು, ತಟ್ಟಿ ಬಿಲ್ಲೆ ಮಾಡಿ ಉಜ್ಜಿದರೆ ಬಾನೆಟ್ಟಿನ ಮೇಲೆ ಜಾರುತ್ತದೆ, ತಿರುವಿ ನೋಡಿದರೆ ಹೊಟ್ಟೆಯೆಲ್ಲ ಕಪ್ಪು, ಒಳಗೆ ಮಡಚು, ಬಿಳಿ ಮಗ್ಗುಲು ಹೊರಗೆ ತೆಗೆ, ಮತ್ತೆ ಉಜ್ಜು, ಈ ಕೆಲಸ ಕೈಗೆ ಹೊಸದಲ್ಲ, ಕೈ ತನ್ನಷ್ಟಕ್ಕೆ ಮಾಡುತ್ತಿದೆ, ಕಣ್ಣು ಎಳೆಯುತ್ತಿದೆ, ಬಾನೆಟ್ಟಾಯಿತು, ಈ ಬದಿಯಾಯಿತು, ಅವಳು ಕೂರುವ ಬದಿಯ ಬಾಗಿಲು, ಮುದ್ದೆ ಜಾರಿತು, ಬಿತ್ತು, ಬಗ್ಗಿದ, ಎತ್ತಿದ, ತೊಡೆಗೆ ಒಂದು ಸಲ ಒರೆಸಿದ, ಬಿದ್ದ ಮಗ್ಗುಲನ್ನು ಒಳಕ್ಕೆ ಮಡಚಿ ನಾಲ್ಕು ಗುದ್ದು ಗುದ್ದಿ ನಾದಿದ, ಬೇಕರಿಯಲ್ಲಿ ಬಿದ್ದ ಹಿಟ್ಟಿಗೆ ಎಲ್ಲರೂ ಮಾಡುವುದು ಅದನ್ನೇ, ಮೇಸ್ತ್ರಿ ಕೂಡ, ಬೆಂಕಿ ಎಲ್ಲಾನೂ ಶುದ್ಧ ಮಾಡುತ್ತೆ ಕಣೋ, ಎನ್ನುತ್ತಾನೆ — ಇಲ್ಲಿ ಬೆಂಕಿ ಎಲ್ಲಿದೆ, ನಾಲ್ಕು ಸಲ ಉದ್ದಕ್ಕೆ ಎಳೆದ ಮೇಲೆಯೇ ಕಿವಿಗೆ ಬಿದ್ದದ್ದು, ಸರ್ರ್ ಎಂಬ ಸಣ್ಣ ಸದ್ದು, ನೀರು ಹೊಡೆದು ಒರೆಸಿದ, ಮತ್ತೆ ಕವರಿನೊಳಗೆ ಕೈ ತೂರಿಸಿ ಸವರಿದ, ಬಾಗಿಲ ಹಿಡಿಯ ಕೆಳಗೆ ಬೆಕ್ಕು ಪರಚಿದ ಹಾಗೆ ಗೀರು, ಒಂದರ ಪಕ್ಕ ಒಂದು, ಬೇರೆಲ್ಲೂ ಅಲ್ಲ, ಅವಳು ಕೈಯಿಡುವ ಜಾಗದಲ್ಲೇ, ಜೀವ ಹೋದ್ರೂ ಎತ್ಕೋಬೇಡಿ ಎಂದಿದ್ದನಲ್ಲ ಪುಣ್ಯಾತ್ಮ, ಅತ್ತ ಹಳೆಯ ಕೊಳೆಯೂ ಇಲ್ಲ, ಇತ್ತ ಹೊಳಪೂ ಇಲ್ಲ, ವ್ಯಾಕ್ಸು ತುಂಬಿದರೆ ಮುಚ್ಚೀತು, ದಪ್ಪಗೆ ಹಚ್ಚಿದರೆ, ನೆರಳಲ್ಲಿ ನಿಲ್ಲಿಸಿದರೆ ಕಾಣಲಿಕ್ಕಿಲ್ಲ, ಡಬ್ಬಿಯ ಮುಚ್ಚಳ ಬಿಗಿಯಾಗಿದೆ, ಕವರು ಹಾಕಿದ ಕೈ ಜಾರುತ್ತದೆ, ಅಷ್ಟರಲ್ಲಿ ಫೋನು, ಸೀಟಿನ ಮೇಲಿದ್ದ ಫೋನನ್ನು ಮೊಣಕೈಯಿಂದ ಒತ್ತಿದ, ಅಪ್ಪಾ, ಎಲ್ಲಿದೀಯಾ, ಬರ್ತಿದೀನಿ ಬನ್ನು, ಊಟ ಆಗಿ ಬಂದ್ರೆ ಸಾಕು, ಕೇಳು, ಗೇಟಿಗೆ ಬರ್ಬೇಡ, ಮೂಲೆ ಔಷಧಿ ಅಂಗಡಿ ಹತ್ರ ನಿಲ್ಸು, ಪೆಟ್ಟಿಗೆ ನಾನೇ ತರ್ತೀನಿ, ಅಲ್ಲ ಮಗಾ, ಕಾರು ತೊಳ್ದಿದೀನಿ, ಕ್ಲೇ ಹಾಕ್ದೆ, ವ್ಯಾಕ್ಸು ಹಾಕ್ತಾ ಇದೀನಿ, ಈ ಸಲ ಗೇಟಿನ ಮುಂದೆ ನಿಲ್ಸಿದ್ರೂ ನಾಚಿಕೆ ಆಗಲ್ಲ ನೋಡು, ಕಾರಾ, ಕಾರಿಗೇನಾಗಿತ್ತಪ್ಪಾ, ಅವಳಿಗೆ ನಿಜಕ್ಕೂ ಅರ್ಥವಾಗಿಲ್ಲ, ಕಾರಲ್ಲಪ್ಪಾ, ಗೇಟಲ್ಲಿ ಬಿಟ್ರೆ ನೀನು ಹೋಗೋದನ್ನ ನಾನು ನಿಂತ್ಕೊಂಡು ನೋಡ್ಬೇಕಾಗುತ್ತೆ, ಮೂಲೆಯಲ್ಲಾದ್ರೆ ನಾನೇ ಮೊದ್ಲು ನಡ್ಕೊಂಡು ಹೋಗಿಬಿಡ್ತೀನಿ, ಅಷ್ಟೇ, ಕರ್ಕೊಂಡು ಹೋಗೋವಾಗ್ಲೂ ಅದೇ ರೂಢಿ ಆಗೋಗಿದೆ, ಹಾಸ್ಟೆಲ್ ಹತ್ರಾನೂ ಹಂಗೇ ಮಾಡು, ಆಯ್ತಾ, ಇಡ್ತೀನಿ.

ಆಯ್ತು ಎಂದನೋ ಇಲ್ಲವೋ, ಫೋನು ಕತ್ತಲಾಯಿತು, ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ, ಕವರಿನೊಳಗಿನ ಕೈ ಗೀರುಗಳ ಮೇಲೆ, ಒಂದೊಂದೂ ಬೆರಳಿಗೆ ಸಿಗುತ್ತಿದೆ, ಇಷ್ಟು ವರ್ಷ ಬರಿಗೈಗೆ ಸಿಗದಿದ್ದದ್ದು, ಮನೆ ಬಿಟ್ಟ ಆವತ್ತು ಹಿಂದಿನ ಸೀಟಿನಲ್ಲಿ ಅವನ ಬಟ್ಟೆಯ ಗಂಟು, ಹಾಸಿಗೆಯ ಸುರುಳಿ, ಕಾರಿನ್ನೂ ಹೊಸದು, ಮೈಯೆಲ್ಲ ಮೋಡ, ಗೇರು ಹಾಕಿ ಬೀದಿಯ ಮೂಲೆ ತಿರುಗುವ ಮುನ್ನ ಕನ್ನಡಿಯಲ್ಲಿ ನೋಡಿದ್ದ, ಗೇಟಿನ ಸರಳುಗಳ ನಡುವಿನಿಂದ ಚಾಚಿದ ಕೈ, ನೋಡು, ನನ್ನ ಬಂಗಾರ ಅಳಲೂ ಇಲ್ಲ, ಟಾಟಾ ಮಾಡ್ತಿದಾಳೆ ಎಂದುಕೊಂಡು ಹೋಗಿದ್ದ, ಎಲ್ಲರಿಗೂ ಹಾಗೇ ಹೇಳಿದ್ದ, ಮೇಸ್ತ್ರಿಗೂ ಹೇಳಿದ್ದ, ಟಾಟಾ ಮಾಡಿ ಕಳಿಸಿದ್ಳು ಮಾರಾಯ — ಟಾಟಾ ಎಂದರೆ ಕೈ ಆಡಬೇಕಲ್ಲ, ಅತ್ತ ಇತ್ತ, ಈಗ ನೋಡುತ್ತಿದ್ದಾನೆ, ಕನ್ನಡಿಯಲ್ಲಿ ಗೇಟು ಚಿಕ್ಕದಾಗುತ್ತಿದೆ, ಸರಳುಗಳು ಒಂದಾಗುತ್ತಿವೆ, ಐದು ಬೆರಳೂ ಬಿಡಿಸಿ, ಕಾರಿನತ್ತ ನೇರ ಚಾಚಿದ ಅಂಗೈ, ನಿಲ್ಸಪ್ಪಾ ಎಂದು ಡ್ಯಾಶ್‌ಬೋರ್ಡಿನ ಮೇಲೆ ಊರುತ್ತಾಳಲ್ಲ ಅದೇ ಅಂಗೈ, ಆಡುತ್ತಿಲ್ಲ, ಒಂದಿಷ್ಟೂ ಆಡುತ್ತಿಲ್ಲ, ಆ ಅಂಗೈ