ಎಷ್ಟು ನಷ್ಟ ತಡಕೊಳ್ತಿ?

ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುತ್ತೇನೆ: ಭೀಮಶಿ. ತುಕ್ಕಾನಟ್ಟಿಯ ಪೈಲ್ವಾನ. ಹೆಂಡತಿಯ ಮೇಲೆ ಕೈ ಮಾಡುವುದರಲ್ಲೂ ಪೈಲ್ವಾನನೇ.

ಹೋದ ವರ್ಷ ಕಬ್ಬಿನ ಗಾಣ ನನ್ನ ಬಲಗೈಯನ್ನು ಮಣಿಕಟ್ಟಿನವರೆಗೆ ಅರೆದು ಹಾಕಿತು. ಗಾಣದ ಮಾಲೀಕ ಕೊಟ್ಟ ಪರಿಹಾರ ಬೆರಳು ಆಡುವ ಕೃತಕ ಕೈಗೆ ಸಾಲುತ್ತಿರಲಿಲ್ಲ. ಬೆಳೆಯಲಿ ಎಂದು ಭೀಮಶಿ ಅದನ್ನು ಮೊಬೈಲಿನ ಒಂದು ಹೂಡಿಕೆ ಆ್ಯಪಿಗೆ ಹಾಕಿದ. ದಲ್ಲಾಳಿ ಇಲ್ಲ, ಕಮಿಷನ್ ಕಡಿಮೆ, ಎಲ್ಲಿ ಹಾಕಬೇಕೆಂದು ಅದೇ ಲೆಕ್ಕ ಮಾಡುತ್ತದೆ. ನನಗೂ ಹಿಡಿಸಿತು. ಆ ಕೈ ಬಂದರೆ ಮಗಳು ಶಿವಾನಿಯ ಜಡೆ ಮತ್ತೆ ನಾನೇ ಹೆಣೆಯಬಹುದಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

ಆ್ಯಪ್ ಮೊದಲು ಒಂದು ಪ್ರಶ್ನೆ ಕೇಳುತ್ತದೆ: ಹಾಕಿದ ಹಣ ಅರ್ಧಕ್ಕಿಳಿದರೆ ಏನು ಮಾಡುತ್ತೀರಿ? ಮನೆಯಲ್ಲಿ ಕೂತು, ನನ್ನನ್ನು ಕೇಳಿ ಉತ್ತರಿಸಬೇಕಿತ್ತು. ಇವನು ಉತ್ತರಿಸಿದ್ದು ಗರಡಿಮನೆಯಲ್ಲಿ, ಲಂಗೋಟಿ ಕಟ್ಟಿ, ಮೈಗೆಲ್ಲ ಮಣ್ಣು ಮೆತ್ತಿಕೊಂಡು. ಗೆಳೆಯ ಉದ್ದಪ್ಪ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಓದಿದನಂತೆ. ಗರಡಿಯಲ್ಲಿ ನಿಂತು ಅಂಜಿಕೆಯಾಗುತ್ತದೆ ಎನ್ನುವ ಗಂಡಸು ಯಾವನಿದ್ದಾನೆ? ಇವನು ತೊಡೆ ತಟ್ಟಿ, “ಇನ್ನಷ್ಟು ಹಾಕ್ತೇನಂತ ಒತ್ತಲೇ ಉದ್ದಪ್ಪಾ!” ಎಂದ. ಆ್ಯಪ್ ಪೂರ್ತಿ ನಂಬಿತು. ಹಣವನ್ನೆಲ್ಲ ಭಾರೀ ಏರುವ, ಭಾರೀ ಬೀಳುವ ಶೇರುಗಳಿಗೆ ಸುರಿಯಿತು.

ಬಿತ್ತು. ದಿನಾ ಬಿತ್ತು.

“ಉಳಿದಿದ್ದನ್ನಾರ ತಗೀರಿ” ಎಂದೆ. ಕೆನ್ನೆಗೆ ಬಾರಿಸಿದ. ಮರುದಿನ ಮತ್ತೆ ಎಂದೆ. ಹೊಟ್ಟೆಗೆ ಒದ್ದ. ತಲೆ ಹೊಸ್ತಿಲಿಗೆ ಬಡಿದು ರಕ್ತ ಬಾಯಿಗಿಳಿಯಿತು. ಶಿವಾನಿ ಚೀರಿದಳು. ಅವಳ ಮೇಲೂ ಕೈ ಎತ್ತಿದ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಕಬ್ಬು ಕಡಿಯುವ ಕೊಯ್ತಾ ಎಡಗೈಗೆ ಬಂತು. ಅದರ ಬೆನ್ನಿನಿಂದ ಅವನ ಮೊಣಕಾಲಿಗೆ ಹೊಡೆದೆ. ದೊಪ್ಪನೆ ಬಿದ್ದ. ನೆಲಕ್ಕೂರಿದ ಅವನ ಬಲಗೈಯನ್ನು ತುಳಿದು, ಬೆರಳುಗಳ ಮೇಲೆ ಅಲಗು ಒತ್ತಿದೆ. ಚರ್ಮ ಸೀಳಿತು. ಅಲುಗಾಡಿದರೆ ಬೆರಳು ಹೋಗುತ್ತವೆಂದು ಅವನಿಗೂ ಗೊತ್ತಾಯಿತು.

“ಈಗ ಹೇಳೋ. ಎಷ್ಟು ನಷ್ಟ ತಡಕೊಳ್ತಿ?” ಮದುವೆಯಾದ ಮೇಲೆ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

“ಬ್ಯಾಡ ತಾಯವ್ವಾ! ಆಗೂದಿಲ್ಲ, ಒಂದ್ ಬೆರಳೂ ಕಳಕೊಳ್ಳಾಕ ಆಗೂದಿಲ್ಲ!”

“ಹಂಗಂತ ಅದಕ್ಕೂ ಹೇಳು.”

ಎಡಗೈಯಲ್ಲಿ ಮೊಬೈಲ್ ಹಿಡಿದು, ಅಳುತ್ತ ಉತ್ತರ ಬದಲಿಸಿದ. ಉಳಿದದ್ದನ್ನೆಲ್ಲ ಮಾರಲು ಒತ್ತಿದ. ಆ್ಯಪ್ ಸಿಟ್ಟಾಗಲಿಲ್ಲ, ಯಾಕೆಂದು ಕೇಳಲೂ ಇಲ್ಲ. ಮೊದಲೇ ಖರೆ ಹೇಳಿದ್ದರೆ ಮೊದಲೇ ಹುಷಾರಾಗಿ ನಡೆಯುತ್ತಿತ್ತು, ಪಾಪ.

ಆ ಹಣಕ್ಕೆ ಕೊಲ್ಲಾಪುರದಲ್ಲಿ ಸಿಕ್ಕಿದ್ದು ಬೆರಳು ಆಡದ, ತೋರಿಕೆಯ ಕೈ. ಮದುವೆಗಳಿಗೆ ತೊಟ್ಟುಕೊಂಡು ಹೋಗುತ್ತೇನೆ. ಶಿವಾನಿಯ ಜಡೆಯನ್ನು ಈಗ ದಿನಾ ಭೀಮಶಿ ಹೆಣೆಯುತ್ತಾನೆ. ಸಡಿಲಾದರೆ ಬಿಚ್ಚಿಸಿ ಮತ್ತೆ ಹೆಣೆಸುತ್ತೇನೆ. ಕೊಯ್ತಾ ಎದುರಿನ ಗೂಟದಲ್ಲೇ ಇದೆ. ಗಾಯದ ಗೆರೆಯಿರುವ ಆ ಬೆರಳುಗಳು ಮಗಳ ಕೂದಲಲ್ಲಿ ಆಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಆಡಬೇಕಿದ್ದದ್ದು ನನ್ನ ಬೆರಳು.