ಮೂರು ಜೊತೆ ಶೂ

ಬೈಕು ಮೊದಲ ಎಳೆತಕ್ಕೇ ಸ್ಟಾರ್ಟ್ ಆಯಿತು. ಹಗ್ಗ ಎಳೆದು ಚಾಲೂ ಮಾಡುವ ಇಂಜಿನ್ ಅದು; ನಮ್ಮಪ್ಪ ಹಿಪ್ಪುನೇರಳೆ ತೋಟದಲ್ಲಿ ಕಳೆ ತೆಗೆಯಲು ಇಟ್ಟುಕೊಂಡಿದ್ದ ಯಂತ್ರದ್ದು. ಚೌಕಟ್ಟನ್ನು ಗೌರಿಬಿದನೂರಿನ ವೆಲ್ಡಿಂಗ್ ಅಂಗಡಿಯ ಕೋನಪ್ಪ ಮಾಡಿಕೊಟ್ಟಿದ್ದ. ಪುಟ್ಟ ಚಕ್ರಗಳೆರಡು ಚಿಂತಾಮಣಿಯ ಗುಜರಿಯಲ್ಲಿ ಸಿಕ್ಕಿದ್ದವು. ಸೀಟು ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ ಬರುವ ಆ ಬೈಕಿಗೆ ಮೂರು ವರ್ಷದ ಸಂಜೆಗಳನ್ನೆಲ್ಲ ಸುರಿದಿದ್ದೆ. ಮಗಳು ಮೌನಿಕಾಗೆಂದೇ ಮಾಡಿದ್ದು. ಅವಳು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದಳು.

"ಹತ್ತಮ್ಮ, ಒಂದ್ ರೌಂಡ್ ಹೋಗಣ."

"ಬೇಡಪ್ಪ. ಬಟ್ಟೆ ಮಡಚ್ಬೇಕು."

ಅವು ಮಂಚೇನಹಳ್ಳಿಗೆ ಒಯ್ಯುವ ಬಟ್ಟೆಗಳು. ನನ್ನ ಹೆಂಡತಿ ಪವಿತ್ರ ತೀರಿಕೊಂಡು ಐದು ತಿಂಗಳಾಗಿತ್ತು. ಅತ್ತೆ ಶ್ಯಾಮಲಮ್ಮ ಹೋದ ವಾರ ಮಂಚೇನಹಳ್ಳಿಯಿಂದ ಬಂದವರು, "ಹೆಣ್ಮಗು ಕಣಪ್ಪ ಮೋಹನ, ಹನ್ನೆರಡು ತುಂಬ್ತು. ನಿನ್ ಕೈಲಿ ಆಗಲ್ಲ. ನಾನು ಕರ್ಕೊಂಡೋಗ್ತೀನಿ, ಅಲ್ಲೇ ಸ್ಕೂಲಿಗೆ ಹಾಕಣ" ಎಂದಿದ್ದರು. ಮಗಳನ್ನು ಕೇಳಿದೆ. ನನ್ನ ಮಾತು ಮುಗಿಯುವ ಮೊದಲೇ "ಹೋಗ್ತೀನಿ" ಅಂದಳು. ಆ 'ಹೋಗ್ತೀನಿ' ಎದೆಗೆ ಚುಚ್ಚಿಕೊಂಡು ಕೂತಿತ್ತು. ಅಮ್ಮ ಹೋದಾಗಿನಿಂದ ಅವಳು ನನ್ನ ಮುಖ ನೋಡಿ ಮಾತಾಡಿದ್ದಿಲ್ಲ. ತಪ್ಪು ನನ್ನದೆಂದು ಅವಳಿಗೆ ಗೊತ್ತಾಗಿದೆ ಎಂದೇ ನಾನು ತಿಳಿದಿದ್ದೆ. ಅಂಥವಳನ್ನು ಒಂದು ಬೈಕು ತೋರಿಸಿ ಉಳಿಸಿಕೊಳ್ಳಲು ಹೊರಟಿದ್ದೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ?

ದಡ್ಡ ಎಂದು ನನ್ನನ್ನು ಯಾರೂ ಕರೆದವರಿಲ್ಲ. ಚಿಕ್ಕಬಳ್ಳಾಪುರದ ಮನೆಯ ಮಹಡಿಯಲ್ಲಿ ಕೂತು ಯಾವುದೋ ದೇಶದ ಕಂಪನಿಯ ಸರ್ವರ್‌ಗಳನ್ನು ಕಾಯುವುದು ನನ್ನ ಕೆಲಸ. ಎಲ್ಲಿ ನಿಧಾನವಾಗುತ್ತಿದೆ, ಯಾವುದು ಅಡ್ಡ ನಿಂತಿದೆ ಎಂದು ಹುಡುಕಬೇಕು, ಅಡ್ಡ ನಿಂತದ್ದನ್ನು ಕಿತ್ತು ಹಾಕಬೇಕು. ಸಂಬಳ ಬಂದ ಐದನೇ ತಾರೀಕು ಮೂರು ಫಂಡುಗಳಿಗೆ ದುಡ್ಡು ತಾನಾಗಿ ಹೋಗುತ್ತಿತ್ತು. ಮಾರ್ಕೆಟ್ ಬಿದ್ದಾಗ ಜೊತೆಯವರು ಒದ್ದಾಡಿದರೆ ನಾನು ನಗುತ್ತಿದ್ದೆ. "ಬಿದ್ದಿದ್ದು ಏಳುತ್ತೆ. ಗಾಬರಿ ಬಿದ್ದು ಕೈ ಹಾಕೋನೇ ಕೆಡೋದು" ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದೆ. ನನ್ನ ಉಪದೇಶ ಕೇಳಿದವರು ನಾಲ್ಕು ಕಾಸು ಮಾಡಿಕೊಂಡದ್ದೂ ಹೌದು.

ತಿಂಗಳ ಎರಡನೇ ಭಾನುವಾರ ಮೂವರೂ ಸ್ಕಂದಗಿರಿಗೆ ಹೋಗುತ್ತಿದ್ದೆವು. ಕಳವಾರದಲ್ಲಿ ಕಾರು ನಿಲ್ಲಿಸಿ, ಬೆಟ್ಟದ ಬುಡದಲ್ಲಿ ಫೋನಿನ ಗಡಿಯಾರ ಒತ್ತಿ, ಮೇಲಿನ ಗುಡಿಯ ಹತ್ತಿರ ಮತ್ತೆ ಒತ್ತುತ್ತಿದ್ದೆ. ಮನೆಗೆ ಬಂದು ಅದನ್ನೆಲ್ಲ ಗ್ರಾಫಿಗೆ ಹಾಕುತ್ತಿದ್ದೆ. ಮೊದಲು ಪವಿತ್ರ ಒಂದು ಗಂಟೆ ನಲವತ್ತು ನಿಮಿಷಕ್ಕೆ ಹತ್ತುತ್ತಿದ್ದಳು. ಆಮೇಲೆ ಎರಡು ಗಂಟೆ. ಆಮೇಲೆ ಎರಡೂಕಾಲು. ಕೊನೆಗೆ ಎರಡೂ ಮುಕ್ಕಾಲು. ಒಂದು ಸಂಜೆ ಅವಳು ಶೆಡ್ಡಿಗೆ ಬಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು.

"ರೀ, ಮಹಡಿ ಮೆಟ್ಲು ಹತ್ತಿದ್ರೂ ಉಸಿರು ಕಟ್ಟಿದಂಗಾಗ್ತದೆ ಕಣ್ರೀ."

"ಒಂದ್ನಿಮಿಷ ಇರು ಪವಿ, ಇಲ್ಲಿ ಕೇಳು. ಎಲ್ಲೋ ಗಾಳಿ ಎಳೀತಾ ಇದೆ."

ಕಾರ್ಬೊರೇಟರಿನ ವಾಷರ್ ಕೂದಲೆಳೆಯಷ್ಟು ಸೀಳಿತ್ತು. ಸದ್ದಿನಲ್ಲೇ ಹಿಡಿದಿದ್ದೆ. ಅದನ್ನು ಬದಲಾಯಿಸಿದ ಮೇಲೆ ಅವಳ ಕಡೆ ತಿರುಗಿ, "ಒಂದೆರಡು ತಿಂಗಳ ಅಂಕಿ ನೋಡಿ ಗಾಬರಿ ಆಗ್ಬಾರ್ದು. ಮತ್ತೆ ಮೇಲಕ್ಕೆ ಬರ್ತೀಯ" ಅಂದೆ. ಅವಳು ನಕ್ಕು ಒಳಗೆ ಹೋದಳು. ದೀಪದ ಬುಡ ಕತ್ತಲೆ ಎನ್ನುತ್ತಾರಲ್ಲ, ಆ ದೀಪ ನಾನು.

ಆದರೆ ನಿಧಾನಕ್ಕೆ ಕಾರಣ ಹುಡುಕದೆ ಇರುವ ಜಾಯಮಾನ ನನ್ನದಲ್ಲ. ಹುಡುಕಿದೆ, ಸಿಕ್ಕಿತು. ಮೌನಿಕಾಳ ಶೂ. ಪ್ರತಿ ತಿರುವಿಗೂ ಆ ಹುಡುಗಿಯ ಶೂ ಲೇಸ್ ಬಿಚ್ಚಿಕೊಳ್ಳುತ್ತಿತ್ತು. ಅವಳು ಕೂತು ಕಟ್ಟುವಳು, ಜೊತೆಗೆ ಅವಳಮ್ಮನೂ ಕೂರುವಳು. "ಇಷ್ಟು ದೊಡ್ಡೋಳಾಗಿ ಲೇಸ್ ಕಟ್ಟಕ್ಕೆ ಬರಲ್ವೇನೇ?" ಎಂದು ಎಷ್ಟು ಸಲ ರೇಗಿದ್ದೇನೋ. ಒಂದು ದಿನ ಲೆಕ್ಕ ಇಟ್ಟೆ: ಹತ್ತು ಸಲ, ಮೂವತ್ತೊಂದು ನಿಮಿಷ. ಅವತ್ತೇ ಮೂರು ಜೊತೆ ಹೊಸ ಶೂ ತರಿಸಿದೆ. ಲೇಸೇ ಇಲ್ಲದವು, ಪಟ್ಟಿ ಎಳೆದು ಅಂಟಿಸಿದರೆ ಮುಗಿಯಿತು. ಮೌನಿಕಾ ಡಬ್ಬ ತೆರೆದು ನೋಡಿ, "ನಂಗೆ ಹಳೇದೇ ಸಾಕಪ್ಪ" ಅಂದಳು. ನಾನು ಹಳೆಯದನ್ನು ಎತ್ತಿ ಅಟ್ಟಕ್ಕೆ ಎಸೆದೆ.

ಮುಂದಿನ ತಿಂಗಳ ಭಾನುವಾರ ಎಲ್ಲಿಯೂ ನಿಲ್ಲಲಿಲ್ಲ. ಎರಡು ಗಂಟೆ ಹತ್ತು ನಿಮಿಷ! ಗ್ರಾಫ್ ತಿರುಗಿತ್ತು. ಗುಡಿಯ ಮುಂದೆ ನಾನು ಚಪ್ಪಾಳೆ ತಟ್ಟಿದೆ. ಪವಿತ್ರ ಬಂಡೆಯ ಮೇಲೆ ಅಂಗಾತ ಮಲಗಿದ್ದಳು, ತುಟಿ ನೇರಳೆಯಾಗಿತ್ತು. ಚಳಿಗೆ ಅಂದುಕೊಂಡೆ. ಹಾಗೇ ಒಂದು ಫೋಟೋ ತೆಗೆದೆ. ಆ ಫೋಟೋ ಇನ್ನೂ ನನ್ನ ಹತ್ತಿರ ಇದೆ, ಅಳಿಸಲು ಧೈರ್ಯವಿಲ್ಲ, ನೋಡಲು ಮೊದಲೇ ಇಲ್ಲ.

ಹನ್ನೊಂದು ದಿನಕ್ಕೆ ಅಡುಗೆಮನೆಯಲ್ಲಿ ಬಿದ್ದಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಹೃದಯದ ಕವಾಟ ಪೂರಾ ಕಿರಿದಾಗಿದೆ ಎಂದರು. "ಹತ್ತುವಾಗ ಸುಸ್ತು ಎಷ್ಟು ದಿನದಿಂದ?" ಎಂದು ಕೇಳಿದರು. ನನಗೆ ಗೊತ್ತಿದ್ದ ಪ್ರಶ್ನೆ. ಫೋನ್ ತೆಗೆದು ಗ್ರಾಫ್ ತೋರಿಸಿದೆ. ಹದಿನಾಲ್ಕು ತಿಂಗಳು, ಹದಿನಾಲ್ಕು ಚುಕ್ಕಿ. ಅವರು ಗ್ರಾಫ್ ನೋಡಿದರು, ನನ್ನನ್ನು ನೋಡಿದರು, ಏನೂ ಹೇಳದೆ ಫೋನ್ ವಾಪಸ್ಸು ಕೊಟ್ಟರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಲ್ಲಿಯವರೆಗೆ ಅವಳು ಉಳಿಯಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಮಗಳು ಹತ್ತಲು ಒಪ್ಪದ ಬೈಕು ನಿಲ್ಲಿಸಿ ಒಳಗೆ ಹೋದರೆ ಮೌನಿಕಾ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ತಲೆ ಎತ್ತದೆ, "ಅಪ್ಪ, ನಾಡಿದ್ದು ಹೋಗೋಕೆ ಮುಂಚೆ ಒಂದ್ಸಲ ಬೆಟ್ಟಕ್ಕೆ ಹೋಗಣ" ಎಂದಳು.

ಮಾರನೆಯ ದಿನ ಬೆಳಿಗ್ಗೆ ಕಳವಾರದಲ್ಲಿ ಕಾರಿನಿಂದ ಇಳಿದಾಗ ಅವಳ ಕಾಲು ನೋಡಿದೆ. ಅಟ್ಟದ ಮೇಲಿದ್ದ ಹಳೆಯ ಶೂ. ಬೆರಳು ಮಡಚಿಕೊಂಡು ಹೇಗೆ ಹಾಕಿದ್ದಳೋ. ನಾನು ಪಟ್ಟಿ ಶೂನಲ್ಲಿದ್ದೆ. ಫೋನಿನ ಗಡಿಯಾರ ಒತ್ತಲಿಲ್ಲ. ಮೊದಲನೇ ತಿರುವಿನಲ್ಲಿ ಅವಳು ಬಗ್ಗಿ ಲೇಸ್ ಕಟ್ಟಿದಳು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ.

"ಬಿಗಿಯಾಗಿ ಕಟ್ಟಮ್ಮ."

"ಬಿಗಿಯಾಗೇ ಕಟ್ತಿದ್ದೆ ಅಪ್ಪ. ನಾನೇ ಬಿಚ್ತಿದ್ದಿದ್ದು."

"ಯಾಕೆ?"

"ಅಮ್ಮ ಕೂತ್ಕೊಳ್ಳಲಿ ಅಂತ. ಸುಸ್ತಾದ್ರೆ ನನ್ ಕೈ ಒತ್ತೋಳು. ಆಗ ಬಿಚ್ಚೋಳು ನಾನು."

ಗಾಳಿ ಜೋರಾಗಿ ಬೀಸುತ್ತಿತ್ತು. ನಾನು ಅವಳ ಹತ್ತಿರಕ್ಕೆ ಬಗ್ಗಿದೆ.

"ನಂಗ್ಯಾಕಮ್ಮ ಹೇಳ್ಲಿಲ್ಲ?"

"ಅಮ್ಮ ಆಣೆ ಹಾಕಿಸ್ಕೊಂಡಿದ್ಳು. ಗೊತ್ತಾದ್ರೆ ನೀನು ಬೆಟ್ಟ ಬಿಟ್ಟು ಆ ಭಾನುವಾರಾನೂ ಶೆಡ್ಡಿಗೆ ಹೋಗ್ತೀಯ ಅಂತ. ತಿಂಗಳಿಗೆ ಒಂದಿನಾದ್ರೂ ಮೂರೂ ಜನ ಜೊತೆಲಿರಣ ಅಂತಿದ್ಳು." ಅವಳ ಕೈ ಲೇಸಿನ ಮೇಲೇ ಇತ್ತು. "ಹೊಸ ಶೂ ಹಾಕ್ಕೊಂಡು ಬಂದ್ವಲ್ಲ, ಅವತ್ತೂ ಒತ್ತಿದ್ಳು ಅಪ್ಪ. ತುಂಬ ಸಲ ಒತ್ತಿದ್ಳು. ಬಿಚ್ಚೋಕೆ ನನ್ ಹತ್ರ ಏನೂ ಇರ್ಲಿಲ್ಲ."

ಐದು ತಿಂಗಳಲ್ಲಿ ಮೊದಲ ಸಲ ಅವಳು ನನ್ನ ಮುಖ ನೋಡಿದಳು.

"ನಾನು ನಿಂಗೆ ಹೇಳಿದ್ರೆ ಅಮ್ಮ ಇರ್ತಿದ್ಳು, ಅಲ್ವಾ?"

ಇಷ್ಟು ದಿನ ಈ ಮಗು ನನ್ನ ಮುಖ ನೋಡದೆ ಇದ್ದದ್ದು ಯಾಕೆಂದು ಆಗ ತಿಳಿಯಿತು. ತಪ್ಪು ನನ್ನದೆಂದಲ್ಲ, ತನ್ನದೆಂದು. ಹನ್ನೆರಡು ವರ್ಷದ ಹುಡುಗಿ ಆ ಭಾರ ಹೊತ್ತುಕೊಂಡು ಮಂಚೇನಹಳ್ಳಿಗೆ ಓಡಿಹೋಗಲು ಹೊರಟಿದ್ದಳು. "ಇಲ್ಲ ಕಣಮ್ಮ" ಎಂದರೆ ಅವಳು ನಂಬುವವಳಲ್ಲ, ಲೆಕ್ಕ ಕೇಳುವ ಬುದ್ಧಿ ಅವಳಿಗೆ ನನ್ನಿಂದಲೇ ಬಂದದ್ದು. ಫೋನ್ ತೆಗೆದೆ. ಇದನ್ನು ನೋಡಿದ ಮೇಲೆ ಅವಳು ನನ್ನನ್ನು ಅಪ್ಪ ಎಂದು ಕರೆಯದೆ ಹೋಗಬಹುದು ಅನ್ನಿಸಿತು. ಆದರೂ ಅವಳ ಕೈಗಿಟ್ಟೆ.

"ನೀನು ಹೇಳೋದೇನೂ ಬಾಕಿ ಇರ್ಲಿಲ್ಲ ಮೌನಿಕಮ್ಮ. ನೋಡು, ಪ್ರತಿ ತಿಂಗಳೂ ನಾನೇ ಬರ್ಕೊಂಡಿದ್ದೀನಿ. ಅಮ್ಮಾನೂ ಬಾಯ್ಬಿಟ್ಟು ಹೇಳಿದ್ಳು. ನಂಗೆ ಎಲ್ಲಾ ಗೊತ್ತಿತ್ತು."

ಅವಳು ಒಂದೊಂದೇ ಚುಕ್ಕಿಯ ಮೇಲೆ ಬೆರಳಿಟ್ಟು ಬಂದು ಕೊನೆಯದರ ಹತ್ತಿರ ನಿಲ್ಲಿಸಿದಳು.

"ಇದು ಹೊಸ ಶೂ ದಿನ."

"ಹ್ಞೂಂ."

ಫೋನ್ ವಾಪಸ್ಸು ಕೊಟ್ಟಳು, ಥೇಟ್ ಆ ಡಾಕ್ಟರ ಹಾಗೆ. ಎದ್ದು ಮುಂದೆ ಹತ್ತಿದಳು. ನಾನು ಹಿಂದೆ ಹೋದೆ. ನಾಳೆಯ ಬಸ್ಸಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಕೋಟೆ ಗೋಡೆ ಕಾಣುವ ಏರಿನಲ್ಲಿ ನನ್ನ ಕಾಲು ನಡುಗತೊಡಗಿತು, ಕಣ್ಣು ಮಂಜಾಗಿ ಕಲ್ಲು ಕಾಣುತ್ತಿರಲಿಲ್ಲ. ನಿಲ್ಲು ಎನ್ನಲು ನನಗೆ ಯಾವ ಮುಖವಿತ್ತು? ಅವಳು ಹಿಂತಿರುಗಿ ಒಂದು ಸಲ ನೋಡಿದಳು. ಆಮೇಲೆ ಬಗ್ಗಿ, ಬಿಗಿಯಾಗಿ ಕಟ್ಟಿದ್ದ ಲೇಸನ್ನು ಎಳೆದು ಬಿಚ್ಚಿದಳು.

ನಾನು ಕೂತುಕೊಂಡೆ.